ಓಟು ನಮ್ಮದು, ಹೆಸರು ಬರೆದವರು ಯಾರು?

ಗೆಳೆಯರೇ,

ಚುನಾವಣೆ ಬಂತು ಅಂದರೆ ನಮ್ಮ ಹಾಸ್ಟೆಲ್ಲುಗಳ ಮುಂದೆ ಜೀಪು ನಿಲ್ಲುತ್ತದೆ. ಬಾವುಟ ಕಟ್ಟೋದಕ್ಕೆ, ಘೋಷಣೆ ಕೂಗೋದಕ್ಕೆ, ಕೇರಿಕೇರಿಗೂ ಚೀಟಿ ಹಂಚೋದಕ್ಕೆ ಹುಡುಗರು ಬೇಕು. ಮೀಸಲು ಕ್ಷೇತ್ರವಾದರಂತೂ 'ನಿಮ್ಮವನೇ ನಿಂತವನೆ, ನೀವು ದುಡೀದೆ ಇನ್ಯಾರು ದುಡೀತಾರೆ' ಅನ್ನುತ್ತಾರೆ. ನಾವು ದುಡಿಯುತ್ತೇವೆ. ಗಂಟಲು ಹರಿಯುವ ಹಾಗೆ ಕೂಗುತ್ತೇವೆ. ಆದರೆ ಆ 'ನಮ್ಮವನ' ಹೆಸರನ್ನು ಪಟ್ಟಿಯಲ್ಲಿ ಬರೆದವರು ಯಾರು, ಯಾರ ಮನೆಯ ಪಡಸಾಲೆಯಲ್ಲಿ ಕೂತು ಬರೆದರು, ನಮ್ಮಲ್ಲಿ ಒಬ್ಬರನ್ನಾದರೂ ಕರೆದು ಕೇಳಿದರಾ ಎಂದು ಕೇಳುವುದಿಲ್ಲ. ಓಟು ಹಾಕುವ ದಿನದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ. ಹೆಸರು ಬರೆಯುವ ದಿನದ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಅಸಲು ಚುನಾವಣೆ ನಡೆದುಹೋಗುವುದು ಅವತ್ತೇ.

ಇದನ್ನು ಅರ್ಥ ಮಾಡಿಕೊಳ್ಳೋದಕ್ಕೆ ಸ್ವಲ್ಪ ದೂರ ಹೋಗೋಣ. ಅಮೆರಿಕಕ್ಕೆ, 1972ನೇ ಇಸವಿಗೆ. ಆ ವರ್ಷ ನಮಗೆ ಪರಕೀಯವೇನಲ್ಲ. ಓಕ್ಲೆಂಡ್‌ನಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನು ಹೊತ್ತುಕೊಂಡು ಮುಂಬಯಿಯ ನಮ್ಮ ಹುಡುಗರು ದಲಿತ್ ಪ್ಯಾಂಥರ್ಸ್ ಕಟ್ಟಿದ್ದು ಅದೇ 1972ರಲ್ಲಿ. ಅದೇ ವರ್ಷ ಅಮೆರಿಕದ ಪ್ಯಾಂಥರುಗಳು ಒಬ್ಬ ಕಪ್ಪು ಹೆಂಗಸಿನ ಬೆನ್ನಿಗೆ ನಿಂತರು. ಆಕೆ ಡೆಮಾಕ್ರಟಿಕ್ ಪಕ್ಷದೊಳಗೆ, ಅಧ್ಯಕ್ಷ ಪದವಿಯ ಅಭ್ಯರ್ಥಿ ತಾನಾಗಬೇಕು ಅಂತ ನಿಂತಿದ್ದಳು. ಹೆಸರು ಶೆರ್ಲಿ ಚಿಸಮ್. ಆಕೆಯ ಜೊತೆ ನಿಂತ ಗಂಡಸರನ್ನೂ ಆಕೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿ ನೋಡೋಣ. ನಮ್ಮ ಕ್ಷೇತ್ರಗಳಲ್ಲಿ ನಿಲ್ಲುವವರನ್ನು ತೂಗುವ ವಿದ್ಯೆ ಇದರಿಂದ ಬರುತ್ತದೆ.

ಮೊದಲು ಮುಚ್ಚಿದ ಬಾಗಿಲಿನ ಕತೆ

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರು ಅನ್ನೋದನ್ನು ತೀರ್ಮಾನ ಮಾಡೋದಕ್ಕೇ ಒಂದು ಚುನಾವಣೆ ಇದೆ. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ನಿಲ್ಲಬೇಕು ಅನ್ನುವವರು ರಾಜ್ಯರಾಜ್ಯಕ್ಕೂ ಹೋಗಿ ತಮ್ಮ ಪಕ್ಷದ ಮತದಾರರ ಮುಂದೆ ನಿಲ್ಲುತ್ತಾರೆ. ಬಿದ್ದ ಓಟಿನ ಮೇಲೆ ಅವರಿಗೆ ಪ್ರತಿನಿಧಿಗಳು ಸಿಗುತ್ತಾರೆ. ಬೇಸಿಗೆಯಲ್ಲಿ ಎಲ್ಲ ರಾಜ್ಯದ ಪ್ರತಿನಿಧಿಗಳೂ ಒಂದು ಊರಲ್ಲಿ ಸಮಾವೇಶ ಸೇರುತ್ತಾರೆ. ಅರ್ಧಕ್ಕಿಂತ ಹೆಚ್ಚು ಯಾರ ಕಡೆ ಇದ್ದಾರೋ ಅವರೇ ಪಕ್ಷದ ಅಭ್ಯರ್ಥಿ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಇಂಥ ಓಟುಗಳು ಒಟ್ಟು 3016. ಗೆಲ್ಲಲು 1509 ಬೇಕಿತ್ತು.

ಕೇಳೋದಕ್ಕೆ ಚೆನ್ನಾಗಿದೆ. ಆದರೆ ಜಾತಿ ಅನ್ನೋದು ಎಲ್ಲಿದ್ದರೂ ಮೊದಲು ಬಾಗಿಲ ಹತ್ತಿರ ಹೋಗಿ ಕೂರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹುಕಾಲ ಡೆಮಾಕ್ರಟಿಕ್ ಪಕ್ಷ ಒಂದೇ ಪಕ್ಷ ಇದ್ದ ಹಾಗೆ ಇತ್ತು. ಅದರ ಪ್ರೈಮರಿಯಲ್ಲಿ ಗೆದ್ದವನು ಗೆದ್ದ ಹಾಗೇ ಲೆಕ್ಕ. ಟೆಕ್ಸಾಸ್‌ನಂಥ ಕಡೆ ಆ ಪಕ್ಷದವರು ಒಂದು ಉಪಾಯ ಮಾಡಿದರು. ಕೊನೆಯ ಚುನಾವಣೆಯಲ್ಲಿ ಕಪ್ಪು ಜನ ಓಟು ಹಾಕಬಹುದು, ಪ್ರೈಮರಿಯಲ್ಲಿ ಮಾತ್ರ ಬಿಳಿಯರೇ ಹಾಕಬೇಕು ಎಂದರು. ಕೇಳಿದರೆ 'ಪಕ್ಷ ನಮ್ಮ ಖಾಸಗಿ ಸಂಘ, ಯಾರನ್ನು ಒಳಗೆ ಬಿಡಬೇಕು ಅನ್ನೋದು ನಮ್ಮಿಷ್ಟ' ಅನ್ನೋ ಉತ್ತರ. ಹೋಟೆಲಿನವನೂ ದೇವಸ್ಥಾನದವನೂ ನಮಗೆ ಹೇಳಿದ ಮಾತೇ ಇದು. ಹ್ಯೂಸ್ಟನ್ನಿನ ಲಾನಿ ಸ್ಮಿತ್ ಎಂಬ ಕಪ್ಪು ದಂತವೈದ್ಯ ಕೋರ್ಟಿಗೆ ಹೋದ. ಥರ್ಗುಡ್ ಮಾರ್ಷಲ್ ವಾದಿಸಿದ. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಿಳಿಯರ ಪ್ರೈಮರಿ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

ಈಗ ನಮ್ಮ ಕಡೆ ತಿರುಗಿ. ಪ್ರೈಮರಿ ಅನ್ನೋ ಮಾತು ನಮಗೆ ಹೊಸದು ಅಂದುಕೊಂಡಿದ್ದರೆ 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದವನ್ನು ತೆಗೆದು ಓದಿ. ಅದಕ್ಕೂ ಮೊದಲು ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟ ತೀರ್ಪಿನಲ್ಲಿ ನಮಗೆ ಎರಡು ಓಟು ಇದ್ದವು. ಒಂದು ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಿಕೊಳ್ಳೋದಕ್ಕೆ, ಇನ್ನೊಂದು ಸಾಮಾನ್ಯ ಕ್ಷೇತ್ರಕ್ಕೆ. ಯರವಡಾ ಜೈಲಿನಲ್ಲಿ ಗಾಂಧಿ ಉಪವಾಸ ಕೂತರು. ಬಾಬಾಸಾಹೇಬರ ಕುತ್ತಿಗೆಗೆ ಇಡೀ ದೇಶ ಹಗ್ಗ ಹಾಕಿ ಎಳೆಯಿತು. ಕೊನೆಗೆ ಆದ ಒಪ್ಪಂದದಲ್ಲಿ ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಸಿಕ್ಕವು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ಆದರೂ ಬಾಬಾಸಾಹೇಬರು ಒಂದು ಕೊಂಡಿಯನ್ನು ಬಿಡಲಿಲ್ಲ. ಪ್ರತಿ ಮೀಸಲು ಸ್ಥಾನಕ್ಕೂ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಸೇರಿ ಒಂದು ಪ್ರೈಮರಿ ನಡೆಸಬೇಕು, ಅದರಲ್ಲಿ ಹೆಚ್ಚು ಓಟು ಪಡೆದ ನಾಲ್ಕು ಜನರಷ್ಟೇ ಕೊನೆಯ ಚುನಾವಣೆಗೆ ನಿಲ್ಲಬೇಕು ಎಂದು ಬರೆಸಿದರು. ಆ ಏರ್ಪಾಡಿಗೆ ಇದ್ದ ಆಯುಸ್ಸು ಹತ್ತೇ ವರ್ಷ. 1937ರಲ್ಲೂ 1945-46ರಲ್ಲೂ ಈ ಬಗೆಯಲ್ಲಿ ಚುನಾವಣೆ ನಡೆಯಿತು. ಸಂವಿಧಾನ ಬಂದ ಮೇಲೆ ಮೀಸಲು ಸೀಟು ಉಳಿಯಿತು, ಪ್ರೈಮರಿ ಹೋಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟೆಕ್ಸಾಸಿನಲ್ಲಿ ಹೆಸರು ಬರೆಯುವ ದಿನ ಕಪ್ಪು ಜನರಿಗೆ ಬಾಗಿಲು ಹಾಕಿ, ಬರೆದಾದ ಮೇಲೆ ತೆಗೆದರು. ಇಲ್ಲಿ ಹೆಸರು ಬರೆಯುವ ದಿನ ನಮ್ಮ ಕೈಗೆ ಲೇಖನಿ ಕೊಟ್ಟು, ನಾಲ್ಕರಲ್ಲಿ ಯಾರು ಎನ್ನುವ ತೀರ್ಮಾನವನ್ನು ಊರಿನವರ ಕೈಗೆ ಕೊಟ್ಟರು. ಆಮೇಲೆ ಲೇಖನಿಯನ್ನೂ ಕಿತ್ತುಕೊಂಡರು. ಫಲ ಏನಾಯಿತು ಗೊತ್ತೇ ಇದೆ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ, ಮುಂಬಯಿ ಉತ್ತರದ ಮೀಸಲು ಸ್ಥಾನದಲ್ಲಿ, ಸಂವಿಧಾನ ಬರೆದ ಮನುಷ್ಯನೇ ಸೋತರು. ಗೆದ್ದವನು ಕಾಂಗ್ರೆಸ್ಸಿನ ಅಭ್ಯರ್ಥಿ ನಾರಾಯಣ ಕಾಜರೋಳ್ಕರ್, ಅವನೂ ದಲಿತನೇ. 'ನಿಮ್ಮವನೇ ನಿಂತವನೆ' ಅನ್ನೋ ಮಾತಿನ ಬೆಲೆ ಎಷ್ಟು ಅಂತ ಅವತ್ತೇ ನಾವು ಲೆಕ್ಕ ಹಾಕಬೇಕಿತ್ತು.

ಎರಡು ಕುರ್ಚಿಯ ಕತೆ

1972ರ ಅಭ್ಯರ್ಥಿಗಳನ್ನು ತೂಗುವ ಮುಂಚೆ 1964ನ್ನು ತಿಳಿದಿರಬೇಕು. ಮಿಸಿಸಿಪಿ ರಾಜ್ಯದ ಡೆಮಾಕ್ರಟಿಕ್ ಪಕ್ಷದಲ್ಲಿ ಕಪ್ಪು ಜನಕ್ಕೆ ಜಾಗವೇ ಇರಲಿಲ್ಲ. ಅಲ್ಲಿನ ಕೂಲಿಗಳು, ಗೇಣಿದಾರರು, ವಿದ್ಯಾರ್ಥಿಗಳು ಸೇರಿ ಮಿಸಿಸಿಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಕಟ್ಟಿದರು. ಅರವತ್ತಕ್ಕೂ ಹೆಚ್ಚು ಜನ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಹೋಗಿ, ಬಿಳಿಯರೇ ತುಂಬಿರುವ ಪ್ರತಿನಿಧಿಗಳನ್ನು ಎಬ್ಬಿಸಿ ನಮ್ಮನ್ನು ಕೂರಿಸಿ ಎಂದರು. ಹತ್ತಿ ಹೊಲದಲ್ಲಿ ದುಡಿದು ಬಂದಿದ್ದ ಫ್ಯಾನಿ ಲೂ ಹೇಮರ್, 1963ರಲ್ಲಿ ವಿನೋನಾದ ಜೈಲಿನಲ್ಲಿ ತನ್ನನ್ನು ಹೇಗೆ ಮಲಗಿಸಿ ಬಡಿದರು, ಬಡಿಯೋದಕ್ಕೆ ಕಪ್ಪು ಕೈದಿಗಳನ್ನೇ ಹೇಗೆ ಬಳಸಿದರು ಎಂದು ಟೆಲಿವಿಷನ್ ಮುಂದೆ ಹೇಳಿದಳು. ಅಧ್ಯಕ್ಷ ಜಾನ್ಸನ್ ಗಾಬರಿಯಾಗಿ, ಕ್ಯಾಮೆರಾ ತನ್ನ ಕಡೆ ತಿರುಗಲಿ ಅಂತ ಅದೇ ಹೊತ್ತಿಗೆ ಪತ್ರಿಕಾಗೋಷ್ಠಿ ಕರೆದ.

ಕೊನೆಗೆ ಪಕ್ಷದವರು ರಾಜಿ ತಂದರು: ನಿಮಗೆ ಎರಡು ಕುರ್ಚಿ. ಆ ಎರಡರಲ್ಲಿ ಯಾರು ಕೂರಬೇಕು ಅನ್ನುವ ಹೆಸರನ್ನೂ ಪಕ್ಷದವರೇ ಬರೆದು ತಂದಿದ್ದರು. ಹೇಮರ್ ಹೆಸರು ಅದರಲ್ಲಿ ಇರಲಿಲ್ಲ. ಮಿಸಿಸಿಪಿಯ ಜನ ಆ ಎರಡು ಕುರ್ಚಿಯನ್ನು ಒದ್ದು ಬಂದರು. ಎರಡು ಕುರ್ಚಿಯೂ ಅವರದೇ, ಕೂರುವವನ ಹೆಸರೂ ಅವರದೇ. ಗೆಳೆಯರೇ, ಇದಕ್ಕೆ ಕನ್ನಡದಲ್ಲಿ ನಾವು ಏನನ್ನುತ್ತೇವೆ? ಮೀಸಲು ಟಿಕೆಟ್ಟು ಅನ್ನುತ್ತೇವೆ.

ಆ ರಾಜಿಯನ್ನು ಹೊತ್ತು ಓಡಾಡಿದವನು ಹ್ಯೂಬರ್ಟ್ ಹಂಫ್ರಿ. 1968ರಲ್ಲಿ ಇದೇ ಹಂಫ್ರಿ ಒಂದು ಪ್ರೈಮರಿಯಲ್ಲೂ ನಿಲ್ಲದೆ, ಪಕ್ಷದ ದೊಡ್ಡವರ ಕೈ ಹಿಡಿದು ಶಿಕಾಗೋ ಸಮಾವೇಶದಲ್ಲಿ ಅಭ್ಯರ್ಥಿಯಾದ. ಹೊರಗೆ ಬೀದಿಯಲ್ಲಿ ಯುದ್ಧ ಬೇಡ ಅಂದ ಹುಡುಗರ ತಲೆ ಒಡೆಯುತ್ತಿದ್ದರು. ಆತ ಸೋತ. ಆ ಸಿಟ್ಟಿನಿಂದ ಪಕ್ಷ ತನ್ನ ನಿಯಮ ಬದಲಿಸಬೇಕಾಯಿತು. ಜಾರ್ಜ್ ಮೆಕ್‌ಗವರ್ನ್ ನಡೆಸಿದ ಸಮಿತಿ, ಪ್ರತಿನಿಧಿಗಳಲ್ಲಿ ಹೆಂಗಸರು, ಯುವಕರು, ಕಪ್ಪು ಜನ ತಮ್ಮ ಸಂಖ್ಯೆಗೆ ತಕ್ಕಂತೆ ಇರಬೇಕು ಎಂದಿತು. ಪ್ರತಿನಿಧಿಗಳಲ್ಲಿ ಹೆಂಗಸರು 1968ರಲ್ಲಿ ಶೇಕಡಾ 13ರಷ್ಟಿದ್ದವರು 1972ರಲ್ಲಿ ಶೇಕಡಾ 40ರಷ್ಟಾದರು. ಕಪ್ಪು ಜನ ಸುಮಾರು ಶೇಕಡಾ 5ರಿಂದ 15ಕ್ಕೆ ಏರಿದರು. 1971ರಲ್ಲಿ ಓಟಿನ ವಯಸ್ಸು 18ಕ್ಕೆ ಇಳಿದಿತ್ತು. ಒದ್ದ ಕುರ್ಚಿಯಿಂದ ಎಂಟು ವರ್ಷದಲ್ಲಿ ಇಷ್ಟು ಬಂತು.

ತಕ್ಕಡಿಗೆ ಬನ್ನಿ

ನಮ್ಮ ತಕ್ಕಡಿಗೆ ಮೂರೇ ಕಲ್ಲು. ಇವನ ಹೆಸರು ಬರೆದವರು ಯಾರು? ನಮ್ಮ ಜನಕ್ಕೆ ಏಟು ಬಿದ್ದ ದಿನ ಇವನು ಎಲ್ಲಿದ್ದ? ಓಟು ತಗೊಂಡ ಮೇಲೆ ಯಾರ ಮಾತಿಗೆ ಎದ್ದು ನಿಲ್ಲುತ್ತಾನೆ?

ಜಾರ್ಜ್ ವ್ಯಾಲೇಸ್. ಅಲಬಾಮಾದ ಗವರ್ನರ್. 1963ರ ಜನವರಿಯಲ್ಲಿ ಪ್ರಮಾಣವಚನದ ಭಾಷಣದಲ್ಲೇ ಬಿಳಿಯರು ಕರಿಯರು ಇವತ್ತೂ ಬೇರೆ, ನಾಳೆಯೂ ಬೇರೆ, ಎಂದೆಂದಿಗೂ ಬೇರೆ ಅಂತ ಸಾರಿದವನು. ಅದೇ ವರ್ಷ ಜೂನ್‌ನಲ್ಲಿ ಇಬ್ಬರು ಕಪ್ಪು ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯಕ್ಕೆ ಸೇರಲು ಬಂದಾಗ ಬಾಗಿಲಿಗೆ ಅಡ್ಡ ನಿಂತವನು. 1972ರಲ್ಲಿ ಬಿಳಿ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಒಂದೇ ಶಾಲೆಗೆ ಬಸ್ಸಿನಲ್ಲಿ ಕಳಿಸಬಾರದು ಅನ್ನೋದನ್ನೇ ಊರೂರಲ್ಲಿ ಕೂಗಿ ಫ್ಲಾರಿಡಾ ಪ್ರೈಮರಿಯಲ್ಲಿ ಶೇಕಡಾ 42ರಷ್ಟು ಓಟು ತಗೊಂಡ. ಇವನನ್ನು ತೂಗುವ ಕೆಲಸವಿಲ್ಲ. ಆದರೆ ಒಂದು ಮಾತು ನೆನಪಿರಲಿ: ಇವನೂ ಅದೇ ಪಕ್ಷ. ನಮ್ಮ ಓಟು ಕೇಳುವ ಪಕ್ಷದ ಇನ್ನೊಂದು ಕೋಣೆಯಲ್ಲಿ ನಮ್ಮ ಶತ್ರು ಊಟ ಮಾಡುತ್ತಿರುತ್ತಾನೆ.

ಎಡ್ಮಂಡ್ ಮಸ್ಕಿ. ಮೇನ್ ರಾಜ್ಯದ ಸೆನೆಟರ್. ಮೊದಲಿಗೆ ಇವನೇ ಗೆಲ್ಲೋ ಕುದುರೆ ಅಂತ ಪತ್ರಿಕೆಗಳೆಲ್ಲ ಬರೆದವು. 1971ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಮುಖಂಡರ ಮುಂದೆಯೇ, ಉಪಾಧ್ಯಕ್ಷ ಸ್ಥಾನಕ್ಕೆ ಕಪ್ಪು ಮನುಷ್ಯನನ್ನು ಜೊತೆಗಿಟ್ಟುಕೊಂಡರೆ ಗೆಲ್ಲಲಿಕ್ಕಾಗದು ಎಂದು ಹೇಳಿದ. ತಾನು ಸತ್ಯ ಹೇಳಿದೆ ಅಂತ ಅವನ ಸಮರ್ಥನೆ. ಈ ಜಾತಿಯ ಸತ್ಯವಂತರು ನಮ್ಮಲ್ಲೂ ಇದ್ದಾರೆ. 'ನಂಗೇನಿಲ್ಲಪ್ಪ, ಜನ ಒಪ್ಪಲ್ಲ' ಅನ್ನುತ್ತಾರೆ. ಜನ ಅಂದರೆ ಯಾರು, ಆ ಜನದಲ್ಲಿ ನಾವಿಲ್ಲವಾ ಅಂತ ಕೇಳಿದರೆ ನಕ್ಕು ಹೆಗಲ ಮೇಲೆ ಕೈ ಹಾಕುತ್ತಾರೆ. ಏಪ್ರಿಲ್ ಕೊನೆಗೆ ಮಸ್ಕಿ ಕಣ ಬಿಟ್ಟು ಸರಿದ.

ಹ್ಯೂಬರ್ಟ್ ಹಂಫ್ರಿ. ಇವನದು ಕಷ್ಟದ ಲೆಕ್ಕ. 1948ರ ಸಮಾವೇಶದಲ್ಲಿ ಕಪ್ಪು ಜನರ ಹಕ್ಕಿನ ಪರವಾಗಿ ಎದ್ದು ಮಾತಾಡಿದಾಗ ದಕ್ಷಿಣದ ಪ್ರತಿನಿಧಿಗಳು ಎದ್ದು ಹೊರಗೆ ಹೋಗಿದ್ದರು. 1964ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಸೆನೆಟ್ಟಿನಲ್ಲಿ ಹೆಗಲ ಮೇಲೆ ಹೊತ್ತು ದಾಟಿಸಿದವನೂ ಇವನೇ. ಅದು ಸಣ್ಣ ಕೆಲಸವಲ್ಲ. ಅದೇ ವರ್ಷ ಫ್ಯಾನಿ ಲೂ ಹೇಮರ್ ಮುಂದೆ ಎರಡು ಕುರ್ಚಿ ಇಟ್ಟವನೂ ಇವನೇ, ಯಾಕೆಂದರೆ ಅವನ ಉಪಾಧ್ಯಕ್ಷ ಪದವಿ ಆಗ ಜಾನ್ಸನ್ ಕೈಲಿತ್ತು. ವಿಯೆಟ್ನಾಂ ಯುದ್ಧಕ್ಕೂ ಅದೇ ಕಾರಣಕ್ಕೆ ತಲೆಯಾಡಿಸಿದ. ಒಳ್ಳೆಯ ಮನುಷ್ಯ, ಆದರೆ ಲಗಾಮು ಬೇರೆಯವರ ಕೈಯಲ್ಲಿ. ನಮ್ಮ ಪ್ರಗತಿಪರ ಗೆಳೆಯರಲ್ಲಿ ಎಷ್ಟೋ ಹಂಫ್ರಿಗಳಿದ್ದಾರೆ. ಅವರು ಮಾಡಿದ ಉಪಕಾರವನ್ನು ಮರೆಯಬಾರದು. ಅವರ ಕೈಗೆ ನಮ್ಮ ಲೇಖನಿಯನ್ನೂ ಕೊಡಬಾರದು.

ಜಾರ್ಜ್ ಮೆಕ್‌ಗವರ್ನ್. ಸೌತ್ ಡಕೋಟಾದ ಸೆನೆಟರ್, ಇತಿಹಾಸದ ಮೇಷ್ಟ್ರಾಗಿದ್ದವನು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದು, ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂದವನು. ಆ ಯುದ್ಧಕ್ಕೆ ಹೋಗಿ ಸಾಯುತ್ತಿದ್ದವರಲ್ಲಿ ಬಡವರ ಮಕ್ಕಳು, ಕಪ್ಪು ಮಕ್ಕಳು ಎಷ್ಟಿದ್ದರೆಂದು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಪಕ್ಷದ ಬಾಗಿಲನ್ನು ಅಗಲ ಮಾಡಿದ ಸಮಿತಿಯೂ ಇವನದೇ. ಕಪ್ಪು ಮುಖಂಡರಲ್ಲಿ ಬಹಳ ಜನ ಇವನ ಹಿಂದೆ ಹೋದರು. ಅದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಬಿಳಿಯರಲ್ಲಿ ಇವನಿಗಿಂತ ಉತ್ತಮ ಆ ವರ್ಷ ಕಣದಲ್ಲಿ ಇರಲಿಲ್ಲ.

ಶೆರ್ಲಿ ಚಿಸಮ್. ಬಟ್ಟೆ ಹೊಲಿಯುತ್ತಿದ್ದ ತಾಯಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಂದೆ. 1924ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಬಾರ್ಬಡೋಸಿನಲ್ಲಿ ಅಜ್ಜಿಯ ಬಳಿ ಬೆಳೆದವಳು. ಶಿಶುವಿಹಾರದ ಟೀಚರಾಗಿ ದುಡಿದವಳು. ನ್ಯೂಯಾರ್ಕ್ ರಾಜ್ಯದ ಶಾಸನಸಭೆಯಲ್ಲಿದ್ದಾಗ ಬಡ ಮಕ್ಕಳು ಕಾಲೇಜು ಹತ್ತುವುದಕ್ಕೆ ನೆರವಾಗುವ ಸೀಕ್ ಎಂಬ ಯೋಜನೆಗೆ ದುಡಿದಳು. ಹಾಸ್ಟೆಲ್ ಅನ್ನ ತಿಂದು ಓದಿದ ನಮಗೆ ಇದರ ಅರ್ಥ ಬೇರೆ ಯಾರೂ ಹೇಳಬೇಕಿಲ್ಲ. 1968ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದ ಮೊದಲ ಕಪ್ಪು ಮಹಿಳೆ. ಹೋದ ಹೊಸತರಲ್ಲೇ ಅವಳನ್ನು ಕೃಷಿ ಸಮಿತಿಗೆ ಹಾಕಿದರು. ನನ್ನ ಬ್ರೂಕ್ಲಿನ್ ಓಣಿಗೂ ಹೊಲಗದ್ದೆಗೂ ಏನು ಸಂಬಂಧ ಅಂತ ಜಗಳ ತೆಗೆದು ಬದಲಿಸಿಕೊಂಡಳು. ಹೊಸಬರು ಬಾಯಿ ಮುಚ್ಚಿಕೊಂಡಿರಬೇಕು ಅನ್ನೋ ಸಂಪ್ರದಾಯ ಅವತ್ತು ಮುರಿಯಿತು. ತನ್ನನ್ನು ಕೊಂಡವರಿಲ್ಲ, ತನಗೆ ಯಜಮಾನರಿಲ್ಲ ಅನ್ನೋದೇ ಆಕೆಯ ಘೋಷಣೆ.

1972ರ ಜನವರಿ 25ರಂದು ಬ್ರೂಕ್ಲಿನ್ನಿನ ಒಂದು ಚರ್ಚಿನಲ್ಲಿ, ನಾನೂ ನಿಲ್ಲುತ್ತೇನೆ ಎಂದಳು. ಯಾರೂ ಆಕೆಯ ಹೆಸರು ಬರೆದಿರಲಿಲ್ಲ. ತಾನೇ ಬರೆದುಕೊಂಡಳು. ಅದೇ ಆಕೆಯ ಅಪರಾಧ.

ನಮ್ಮವರೇ ಕೈ ಬಿಟ್ಟ ಬಗೆ

1972ರ ಮಾರ್ಚ್‌ನಲ್ಲಿ ಇಂಡಿಯಾನಾ ರಾಜ್ಯದ ಗ್ಯಾರಿ ಪಟ್ಟಣದಲ್ಲಿ ದೇಶದ ಕಪ್ಪು ಜನರ ದೊಡ್ಡ ರಾಜಕೀಯ ಸಮಾವೇಶ ನಡೆಯಿತು. ಸಾವಿರಾರು ಜನ ಸೇರಿದರು. ಸ್ವಾತಂತ್ರ್ಯದ ಮಾತು, ಸ್ವಾಭಿಮಾನದ ಮಾತು ಬೇಕಾದಷ್ಟು ಆಯಿತು. ಕಣದಲ್ಲಿದ್ದ ಒಬ್ಬಳೇ ಕಪ್ಪು ಅಭ್ಯರ್ಥಿಗೆ ಬೆಂಬಲ ಕೊಡುವ ತೀರ್ಮಾನ ಮಾತ್ರ ಆಗಲಿಲ್ಲ. ನಮ್ಮನ್ನು ಕೇಳಲಿಲ್ಲ ಅಂದವರು ಕೆಲವರು. ಗೆಲ್ಲಲ್ಲ ಅಂದವರು ಕೆಲವರು. ಹೆಣ್ಣು ಅಂತ ಹೇಳದೇ ಹೇಳಿದವರು ಬಹಳ. ಇತ್ತ ಬಿಳಿ ಹೆಂಗಸರ ಸಂಘಟನೆಗಳ ಮುಖಂಡರಲ್ಲಿ ಕೆಲವರು ಒಂದು ಕಾಲನ್ನು ಮೆಕ್‌ಗವರ್ನ್ ದೋಣಿಯಲ್ಲೇ ಇಟ್ಟಿದ್ದರು. ಕಪ್ಪಾಗಿರೋದಕ್ಕಿಂತ ಹೆಣ್ಣಾಗಿರೋದಕ್ಕೇ ತನಗೆ ಹೆಚ್ಚು ಅಡ್ಡಿಯಾಯಿತು ಅಂತ ಆಕೆ ಬದುಕಿಡೀ ಹೇಳುತ್ತಿದ್ದಳು. ನಮ್ಮ ಸಭೆಗಳಲ್ಲಿ ಹಾಡೋದಕ್ಕೆ ಅಕ್ಕಂದಿರನ್ನು ಮುಂದೆ ಕರೆದು, ಪದಾಧಿಕಾರಿಗಳ ಪಟ್ಟಿ ಓದುವಾಗ ಹಿಂದೆ ಕೂರಿಸುವ ನಾವು ಈ ಮಾತನ್ನು ತಲೆ ತಗ್ಗಿಸಿ ಕೇಳಬೇಕು.

ಬೆಂಬಲಕ್ಕೆ ಬಂದವರು ಪ್ಯಾಂಥರುಗಳು. ಬಂದೂಕಿನವರ ಬೆಂಬಲ ಬೇಡ ಅನ್ನಿ, ಓಟು ಹೋಗುತ್ತದೆ ಎಂದು ಆಕೆಗೆ ಬುದ್ಧಿ ಹೇಳಿದವರಿದ್ದರು. ಆಕೆ ಬೇಡ ಅನ್ನಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಂಫ್ರಿ ಮತ್ತು ಮೆಕ್‌ಗವರ್ನ್ ಇಬ್ಬರನ್ನೇ ಟೆಲಿವಿಷನ್ನಿನವರು ಚರ್ಚೆಗೆ ಕೂರಿಸಿದಾಗ ಕಾನೂನಿನ ಬಾಗಿಲು ತಟ್ಟಿ ತನ್ನ ಅರ್ಧ ಗಂಟೆಯನ್ನು ಕಿತ್ತುಕೊಂಡಳು. ಮೇ 15ರಂದು ಮೇರಿಲ್ಯಾಂಡಿನಲ್ಲಿ ವ್ಯಾಲೇಸ್‌ಗೆ ಗುಂಡು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದಾಗ ಆಸ್ಪತ್ರೆಗೆ ಹೋಗಿ ನೋಡಿ ಬಂದಳು. ಆಕೆಯ ಬೆಂಬಲಿಗರೇ ಉಗಿದರು. 1974ರಲ್ಲಿ ಮನೆಗೆಲಸದವರಿಗೆ ಕನಿಷ್ಠ ಕೂಲಿ ಕೊಡಿಸುವ ಕಾಯಿದೆಗೆ ದಕ್ಷಿಣದ ಕೆಲವು ಓಟು ಬೇಕಿದ್ದಾಗ ವ್ಯಾಲೇಸ್ ನೆರವಾದ ಅಂತ ಆಮೇಲೆ ಆಕೆಯೇ ಹೇಳಿದಳು. ನಾವಾಗಿದ್ದರೆ ಆ ಆಸ್ಪತ್ರೆಗೆ ಹೋಗುತ್ತಿದ್ದೆವಾ? ಹೋಗುತ್ತಿರಲಿಲ್ಲ ಅನಿಸುತ್ತದೆ. ಆದರೆ ಪಾತ್ರೆ ತೊಳೆಯುವ ಹೆಂಗಸಿನ ಕೂಲಿ ಏರಿದ್ದನ್ನು ಲೆಕ್ಕದಿಂದ ತೆಗೆಯಲಾಗದು.

ಪ್ರೈಮರಿಗಳಲ್ಲಿ ಆಕೆಗೆ ಬಿದ್ದ ಓಟು ಸುಮಾರು 4 ಲಕ್ಷ 30 ಸಾವಿರ. ಜುಲೈನಲ್ಲಿ ಮಯಾಮಿ ಬೀಚ್ ಸಮಾವೇಶದಲ್ಲಿ, ತನ್ನ ಆಟ ಮುಗಿದಿದ್ದ ಹಂಫ್ರಿ ಬಿಟ್ಟುಕೊಟ್ಟ ಕಪ್ಪು ಪ್ರತಿನಿಧಿಗಳೂ ಸೇರಿ ಸಿಕ್ಕಿದ್ದು 152. ಬೇಕಿದ್ದದ್ದು 1509.

'ಗೆಲ್ಲಲ್ಲ' ಅನ್ನೋ ಮಾತು

ಈಗ ನಮ್ಮ ತೀರ್ಮಾನ ಹೇಳುತ್ತೇವೆ. ಅವತ್ತು ನಾವು ಅಲ್ಲಿದ್ದಿದ್ದರೆ ಪ್ರೈಮರಿಯಲ್ಲಿ ನಮ್ಮ ಓಟು ಶೆರ್ಲಿಯಕ್ಕನಿಗೆ. ನವೆಂಬರಿನಲ್ಲಿ, ನಿಕ್ಸನ್ ಎದುರು, ಮೆಕ್‌ಗವರ್ನ್‌ಗೆ. ಎರಡೂ ದಿನಕ್ಕೆ ಎರಡು ಬೇರೆ ಧರ್ಮ. ಹೆಸರು ಬರೆಯುವ ದಿನ ನಮ್ಮ ಹೆಸರನ್ನೇ ಬರೆಯಬೇಕು. ಕೊನೆಯ ದಿನ ಶತ್ರು ಬರದ ಹಾಗೆ ಬಾಗಿಲು ಹಾಕಬೇಕು. ಮೊದಲ ದಿನವೇ ಕೊನೆಯ ದಿನದ ಲೆಕ್ಕ ಹಾಕಿ, ನಮ್ಮವಳನ್ನು ನಾವೇ ಹೊಡೆದುಹಾಕುವುದನ್ನು ಜಾಣತನ ಅನ್ನಲಾಗದು.

'ಗೆಲ್ಲಲ್ಲ, ಓಟು ವೇಸ್ಟು' ಅನ್ನುವವರಿಗೆ ಒಂದು ಲೆಕ್ಕ ಇದೆ. ಗೆಲ್ಲೋ ಕುದುರೆ ಮಸ್ಕಿ ಏಪ್ರಿಲ್‌ಗೇ ಕುಂಟಿತು. ಗೆಲ್ಲೋನು ಬೇಕು ಅಂತ ಆರಿಸಿದ ಮೆಕ್‌ಗವರ್ನ್ ನವೆಂಬರಿನಲ್ಲಿ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯ ಸೋತ. ಮ್ಯಾಸಚುಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಬಿಟ್ಟರೆ ಎಲ್ಲ ಕಡೆಯೂ ನಿಕ್ಸನ್. ಹಾಗಾದರೆ ವೇಸ್ಟಾದ ಓಟು ಯಾವುದು? ಶೆರ್ಲಿಗೆ ಬಿದ್ದ ಓಟಿನ ಬೆಳೆಯನ್ನು ಮಾತ್ರ ಜನ ಇನ್ನೂ ಕೊಯ್ಯುತ್ತಿದ್ದಾರೆ.

ಓಕ್ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಬಾರ್ಬರಾ ಲೀ ಅಂತ ಒಬ್ಬ ಹುಡುಗಿ ಓದುತ್ತಿದ್ದಳು. ಕಪ್ಪು ವಿದ್ಯಾರ್ಥಿ ಸಂಘದ ಅಧ್ಯಕ್ಷೆ, ಸರ್ಕಾರದ ನೆರವಿನಲ್ಲಿ ಮಕ್ಕಳನ್ನು ಸಾಕುತ್ತಿದ್ದ ಒಂಟಿ ತಾಯಿ. ಯಾವುದಾದರೂ ಅಭ್ಯರ್ಥಿಯ ಪ್ರಚಾರದಲ್ಲಿ ಕೆಲಸ ಮಾಡಬೇಕು ಅಂತ ಕ್ಲಾಸಿನಲ್ಲಿ ಕೊಟ್ಟ ಪಾಠ. ಈ ಗಂಡಸರಲ್ಲಿ ಒಬ್ಬನೂ ನನಗೆ ಬೇಡ, ಬೇಕಾದರೆ ಫೇಲು ಮಾಡಿ ಎಂದು ಕೂತಿದ್ದಳು. ಭಾಷಣಕ್ಕೆ ಕರೆದಿದ್ದ ಶೆರ್ಲಿ ಬಂದು, ತಾನೇ ಅಭ್ಯರ್ಥಿ ಎಂದಾಗ ಕಣ್ಣು ಬಿಟ್ಟಳು. ಕೆಲಸ ಮಾಡುತ್ತೇನೆ ಅಂದವಳನ್ನು ಶೆರ್ಲಿ ಕೇಳಿದ್ದು, ಓಟರ್ ಪಟ್ಟಿಯಲ್ಲಿ ಹೆಸರಿದೆಯಾ ಅಂತ. ಇರಲಿಲ್ಲ. ಹೋಗಿ ಬರೆಸಿದಳು. ಮಯಾಮಿಗೆ ಶೆರ್ಲಿಯ ಪ್ರತಿನಿಧಿಯಾಗಿ ಹೋದಳು. 1998ರಲ್ಲಿ ಕಾಂಗ್ರೆಸ್ಸಿಗೆ ಗೆದ್ದಳು. 2001ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷನಿಗೆ ಯುದ್ಧದ ಅಧಿಕಾರ ಕೊಡುವ ಮಸೂದೆಗೆ ಇಡೀ ಕೆಳಮನೆಯಲ್ಲಿ 420 ಓಟು ಪರ, ಒಂದು ವಿರುದ್ಧ. ಆ ಒಂದು ಓಟು ಬಾರ್ಬರಾ ಲೀಯದು. 2025ರಲ್ಲಿ ಪ್ಯಾಂಥರುಗಳು ಹುಟ್ಟಿದ ಅದೇ ಓಕ್ಲೆಂಡಿನ ಮೇಯರಾಗಿ ಗೆದ್ದಳು.

ನಿಯಮವೂ ಬದಲಾಯಿತು. 1984ರಲ್ಲೂ 1988ರಲ್ಲೂ ಜೆಸ್ಸಿ ಜಾಕ್ಸನ್ ಅದೇ ಪಕ್ಷದ ಪ್ರೈಮರಿಯಲ್ಲಿ ನಿಂತ. ಎರಡನೇ ಸಲ 70 ಲಕ್ಷದ ಹತ್ತಿರ ಓಟು ಬಿತ್ತು. ಸೋತ, ಆದರೆ ಸೋತವನಿಗೂ ಬಿದ್ದ ಓಟಿನ ಪ್ರಮಾಣಕ್ಕೆ ಪ್ರತಿನಿಧಿಗಳು ಸಿಗಬೇಕು ಅನ್ನೋ ನಿಯಮವನ್ನು ಗಟ್ಟಿ ಮಾಡಿಸಿ ಹೋದ. ಆ ನಿಯಮದ ಮೇಲೆ ನಡೆದೇ 2008ರಲ್ಲಿ ಒಬಾಮ ಹಿಲರಿ ಕ್ಲಿಂಟನ್ ಅವರನ್ನು ದಾಟಿದ್ದು. 2024ರಲ್ಲಿ ಕಮಲಾ ಹ್ಯಾರಿಸ್ ಅಭ್ಯರ್ಥಿಯಾದಾಗ 'ನಮ್ಮ ಹುಡುಗಿ' ಅಂತ ಇಲ್ಲಿ ಕುಣಿದವರಿದ್ದರು. ಬೈಡನ್ ಜುಲೈನಲ್ಲಿ ಹಿಂದೆ ಸರಿದ ಮೇಲೆ ಆಕೆ ಅಭ್ಯರ್ಥಿಯಾದದ್ದು ಪ್ರೈಮರಿಯಲ್ಲಿ ಸ್ಪರ್ಧಿಸದೆ. ಬಣ್ಣ ನೋಡಿ ಕುಣಿಯುವ ಮುಂಚೆ ಕಲ್ಲು ಮೂರನ್ನೂ ಇಟ್ಟು ತೂಗಿ ಅನ್ನೋದಷ್ಟೇ ನಮ್ಮ ಮಾತು.

ನಮ್ಮ ಅಂಗಳಕ್ಕೆ

ಕರ್ನಾಟಕದ ವಿಧಾನಸಭೆಯಲ್ಲಿ 224 ಸ್ಥಾನ. ಪರಿಶಿಷ್ಟ ಜಾತಿಗೆ 36, ಪಂಗಡಕ್ಕೆ 15. ಐವತ್ತೊಂದು ಜನ ಒಟ್ಟಿಗೆ ಎದ್ದು ನಿಂತರೆ ಯಾವ ಸರ್ಕಾರವೂ ನಡುಗಬೇಕು. ನಡುಗುವುದಿಲ್ಲ. ಯಾಕೆ? ಮೀಸಲು ಕ್ಷೇತ್ರದಲ್ಲಿ ನಿಲ್ಲುವವರೆಲ್ಲ ನಮ್ಮವರೇ, ಆದರೆ ಒಬ್ಬನ ಹೆಸರನ್ನೂ ನಾವು ಬರೆದಿಲ್ಲ. ಟಿಕೆಟ್ಟು ಕೊಟ್ಟ ಕೈಯನ್ನೇ ಅವರು ನೋಡುತ್ತಾರೆ. ಕೊಟ್ಟ ಕೈ ಕಿತ್ತುಕೊಳ್ಳಲೂಬಹುದು ಅಂತ ಅವರಿಗೆ ಗೊತ್ತು. ಅವರನ್ನು ಬೈದು ಫಲವಿಲ್ಲ. ಸಂಬಳ ಕೊಡುವವನ ಮಾತು ಕೇಳೋದು ಜೀತದ ನಿಯಮ.

ಆ ನಿಯಮ ಮುರಿದವರಿಗೆ ಏನಾಯಿತು ಅನ್ನೋದೂ ನಮ್ಮ ನೆಲದಲ್ಲೇ ಇದೆ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಊರಿಗೆ ಊರೇ ಹೊತ್ತಿ ಉರಿಯಿತು. ರಾಜೀನಾಮೆ ಕೊಡಬೇಕಾಯಿತು. ಅವತ್ತು ಅವರ ಪರವಾಗಿ ಬೀದಿಗೆ ಬಂದು ಏಟು ತಿಂದವರು ಹಾಸ್ಟೆಲ್ಲಿನ ಹುಡುಗರು. ಆ ಹುಡುಗರ ಬೆನ್ನ ಮೇಲಿನ ಬಾಸುಂಡೆಯಿಂದ ಈ ಚಳವಳಿ ಹುಟ್ಟಿತು. ಮಂತ್ರಿ ಪದವಿ ಪಕ್ಷದ್ದು, ಪಕ್ಷ ತಗೊಂಡಿತು. ಬಸವಲಿಂಗಪ್ಪ ನಮ್ಮವರು, ನಮ್ಮಲ್ಲೇ ಉಳಿದರು.

ಆದ್ದರಿಂದ ಗೆಳೆಯರೇ, ನಮ್ಮದೊಂದು ಸೂಚನೆ. ಪುಣೆಯಲ್ಲಿ ಬಾಬಾಸಾಹೇಬರು ಉಳಿಸಿಕೊಂಡ ಆ ಕೊಂಡಿಯನ್ನು ಕಾನೂನು ಕೈಬಿಟ್ಟಿದೆ. ನಾವು ಬಿಡಬೇಕಾಗಿಲ್ಲ. ಮುಂದಿನ ಚುನಾವಣೆಗೆ ಆರು ತಿಂಗಳು ಮುಂಚೆ, ಪ್ರತಿ ಮೀಸಲು ಕ್ಷೇತ್ರದಲ್ಲೂ ಹಾಸ್ಟೆಲ್ಲು, ಕೇರಿ, ಹಟ್ಟಿ, ತಾಂಡಾಗಳಲ್ಲಿ ಸಭೆ ಕರೆಯೋಣ. ಚೀಟಿ ಹಾಕಿ ನಾಲ್ಕು ಹೆಸರು ಆರಿಸೋಣ. ನಾಲ್ಕರಲ್ಲಿ ಎರಡು ಹೆಂಗಸರದು. ಆ ನಾಲ್ಕು ಹೆಸರನ್ನು ಕಲ್ಲಚ್ಚು ಹಾಕಿ ಎಲ್ಲ ಪಕ್ಷಕ್ಕೂ ಕಳಿಸೋಣ. ಈ ಪಟ್ಟಿಯಿಂದ ನಿಲ್ಲಿಸಿದರೆ ದುಡಿಯುತ್ತೇವೆ, ಇಲ್ಲದಿದ್ದರೆ ನಮ್ಮ ಹಾಸ್ಟೆಲ್ಲಿನಿಂದ ಒಂದು ಕೈಯೂ ಬಾವುಟ ಹಿಡಿಯೋದಿಲ್ಲ ಅಂತ ಹೇಳೋಣ. ಇದಕ್ಕೆ ಕೋರ್ಟಿನ ಬಲವಿಲ್ಲ, ನಿಜ. ಆದರೆ ನಮ್ಮ ದುಡಿಮೆಯಿಲ್ಲದೆ ಅವರ ಮೆರವಣಿಗೆ ಹೊರಡೋದಿಲ್ಲ. ನಮಗಿರುವ ಬಲ ಅದೇ.

ಎಡಗೈ ಬಲಗೈ ಅಂತ ಜಗಳ ಬರುತ್ತದೆ, ನಮ್ಮ ಹಟ್ಟಿಗೆ ಎಷ್ಟು ನಿಮ್ಮ ಹಟ್ಟಿಗೆ ಎಷ್ಟು ಅನ್ನುತ್ತಾರೆ ಅಂತ ಹೆದರಿಸುವವರಿದ್ದಾರೆ. ಬರಲಿ. ಆ ಜಗಳ ನಮ್ಮ ಸಭೆಯಲ್ಲಿ, ನಮ್ಮ ಎದುರಿಗೆ ಆಗಿ, ಲೆಕ್ಕವಾಗಿ ಹಂಚಿಕೆಯಾಗಲಿ. ಈಗಲೂ ಆ ಜಗಳ ಆಗುತ್ತಲೇ ಇದೆ. ಯಾರದೋ ಪಡಸಾಲೆಯಲ್ಲಿ, ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿ.

ಜೀಪು ಮತ್ತೆ ಬರುತ್ತದೆ. ಓಟರ್ ಪಟ್ಟಿಯಲ್ಲಿ ಹೆಸರಿಲ್ಲದ ಗೆಳೆಯರು, ಗೆಳತಿಯರು ಈ ವಾರವೇ ಹೋಗಿ ಬರೆಸಿ. ಆಮೇಲೆ ನಾಲ್ಕು ಹೆಸರಿನ ಸಭೆಗೆ ದಿನ ಗೊತ್ತು ಮಾಡಿ ನಮಗೆ ತಿಳಿಸಿ.

ಜೈ ಭೀಮ್.